ಮೂಕಪ್ರಾಣಿಯ ನೋವಿಗೆ ನಾವು ಹೊಣೆಯೇ?



ಭಾನುವಾರದ ಬಲಿಪೂಜೆ ಮುಗಿದ ಮೇಲೆ ಗುರುಗಳ ಬಳಿಗೆ ಬರುವ ಬಿನ್ನಹಗಳು ಹಲವು. ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬರಲಿ, ಮಗನಿಗೆ ಕೆಲಸ ಸಿಗಲಿ, ಗಂಡ ಕುಡಿತ ಬಿಡಲಿ, ತಾಯಿಯ ಆಪರೇಷನ್ ಸುಸೂತ್ರವಾಗಿ ನಡೆಯಲಿ ಎಂದು ಜನ ಪ್ರಾರ್ಥನೆ ಕೋರುತ್ತಾರೆ. ಇವನ್ನೆಲ್ಲ ನಾಲ್ಕು ಜನರ ಎದುರಿಗೇ ಹೇಳುತ್ತಾರೆ. ಆದರೆ ಒಂದು ಬಿನ್ನಹವನ್ನು ಮಾತ್ರ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಹೇಳುತ್ತಾರೆ: “ಫಾದರ್, ನಗಬೇಡಿ. ನಮ್ಮ ಮನೆ ನಾಯಿಗೆ ಜೋರಾಗಿ ಪೆಟ್ಟಾಗಿದೆ. ಅದಕ್ಕೋಸ್ಕರ ಪ್ರಾರ್ಥನೆ ಮಾಡಬಹುದಾ?”

ದನಿ ತಗ್ಗುವುದಕ್ಕೆ ಕಾರಣವಿದೆ. ನಮ್ಮ ಮಾತಿನಲ್ಲಿ ನಾಯಿ ಎಂಬುದು ಬೈಗುಳ. ಬದುಕಿನಲ್ಲಿ ಕಷ್ಟಪಟ್ಟವನದು ನಾಯಿಪಾಡು. ಅಂಥ ಪ್ರಾಣಿಗಾಗಿ ದೇವರ ಮುಂದೆ ಮೊಣಕಾಲೂರುವುದೆಂದರೆ ಏನೋ ಸಂಕೋಚ. ಜೊತೆಗೆ ಇನ್ನೊಂದು ಅಳುಕೂ ಇದೆ. ಮನುಷ್ಯರ ಮಕ್ಕಳೇ ಔಷಧಿಗೆ ಕಾಸಿಲ್ಲದೆ ನರಳುತ್ತಿರುವಾಗ ನಾಯಿಯ ಕಾಲಿಗಾಗಿ ಕಣ್ಣೀರು ಹಾಕುವುದು ಸರಿಯೇ? ದೇವರು ಏನೆಂದುಕೊಂಡಾರು?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಪ್ರಾರ್ಥಿಸಬಹುದು. ಧರ್ಮಸಭೆ 1984ರಲ್ಲಿ ಹೊರತಂದ ಆಶೀರ್ವಾದ ವಿಧಿಗಳ ಗ್ರಂಥದಲ್ಲಿ ಪ್ರಾಣಿಗಳನ್ನು ಆಶೀರ್ವದಿಸುವ ವಿಧಿಯೂ ಸೇರಿದೆ. ಜನವರಿ 17ರಂದು ಸಂತ ಅಂತೋಣಿಯವರ ಹಬ್ಬ. ಇವರು ಪಾದುವಾದ ಅಂತೋಣಿಯವರಲ್ಲ, ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದ ಹಿರಿಯ ಅಂತೋಣಿಯವರು. ಆ ದಿನ ರೋಮ್ ನಗರದಲ್ಲಿ ಜನ ತಮ್ಮ ಸಾಕುಪ್ರಾಣಿಗಳನ್ನು ಆಶೀರ್ವಾದಕ್ಕೆ ಕರೆತರುವ ವಾಡಿಕೆಯಿದೆ. ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರಂದು ಜಗತ್ತಿನ ಅನೇಕ ದೇವಾಲಯಗಳಲ್ಲಿ ಇದೇ ನಡೆಯುತ್ತದೆ. ಆದ್ದರಿಂದ ನಿಮ್ಮ ನಾಯಿಗಾಗಿ ಪ್ರಾರ್ಥಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಆದರೆ ಪ್ರಾರ್ಥನೆ ಮುಗಿಸಿ ಮನೆಗೆ ಹೋದ ಮೇಲೆ ಬೇರೆ ಪ್ರಶ್ನೆಗಳು ಹುಟ್ಟುತ್ತವೆ. ಈ ಪ್ರಾಣಿಗಾಗಿ ಎಷ್ಟು ದೂರ ಹೋಗಬೇಕು? ಎಷ್ಟು ಖರ್ಚು ಮಾಡಬೇಕು? ವಾಸಿಯಾಗದಿದ್ದರೆ ಅದರ ಪ್ರಾಣ ತೆಗೆಸಬಹುದೇ? ತೆಗೆಸಬಹುದಾದರೆ, ಅದೇ ದಯೆಯನ್ನು ಮನುಷ್ಯರಿಗೆ ಏಕೆ ತೋರಬಾರದು? ಈ ಕೊನೆಯ ಪ್ರಶ್ನೆ ಎಷ್ಟು ಗಂಭೀರವಾದದ್ದೆಂದು ಮುಂದೆ ನೋಡೋಣ.

ಶ್ರೀಗ್ರಂಥದಲ್ಲಿ ನಾಯಿ

ಶ್ರೀಗ್ರಂಥದಲ್ಲಿ ನಾಯಿಗೆ ದೊಡ್ಡ ಮರ್ಯಾದೆಯೇನೂ ಇಲ್ಲ. ಅಂದಿನ ಇಸ್ರಯೇಲಿನಲ್ಲಿ ಅದು ಬೀದಿ ಅಲೆಯುವ ಅಶುದ್ಧ ಪ್ರಾಣಿ. ಆದರೂ ಎರಡು ಕಡೆ ಅದು ಸದ್ದಿಲ್ಲದೆ ಒಳಗೆ ಬಂದುಬಿಡುತ್ತದೆ. ಒಂದು, ತೋಬಿತನ ಗ್ರಂಥ. ಕುರುಡನಾದ ತಂದೆಯ ಹಣ ವಸೂಲಿಗೆಂದು ಯುವಕ ತೋಬಿಯ ದೂರದೇಶಕ್ಕೆ ಹೊರಟಾಗ ಜೊತೆಗೆ ದೇವದೂತ ರಫಾಯೇಲನಿದ್ದಾನೆ. ಅವರ ಹಿಂದೆ ಮನೆಯ ನಾಯಿಯೂ ಇದೆ. ಹಿಂದಿರುಗುವಾಗಲೂ ಅದು ಹಿಂದೆಯೇ ಬರುತ್ತದೆ (ತೋಬಿತ 11:4). ಕಥೆಯಲ್ಲಿ ಅದಕ್ಕೆ ಹೆಸರಿಲ್ಲ, ಮಾಡುವ ಕೆಲಸವೂ ಇಲ್ಲ. ಮನೆಯ ಪ್ರಾಣಿ ಮನೆಯವರ ಹಿಂದೆ ಹೋಯಿತು, ಅಷ್ಟೇ. ಇನ್ನೊಂದು, ಯೇಸುಸ್ವಾಮಿ ಹೇಳಿದ ಲಾಜರನ ಸಾಮತಿ. ಧನಿಕನ ಬಾಗಿಲಲ್ಲಿ ಬಿದ್ದ ಆ ಬಡವನ ಹುಣ್ಣುಗಳ ಹತ್ತಿರಕ್ಕೆ ಬಂದವು ನಾಯಿಗಳು ಮಾತ್ರ (ಲೂಕ 16:21).

ಪ್ರಾಣಿಯ ಪಾಲನೆಯ ಬಗ್ಗೆ ಮಾತ್ರ ಶ್ರೀಗ್ರಂಥದ ನಿಲುವು ಸ್ಪಷ್ಟ. ನೀತಿವಂತನು ತನ್ನ ಪಶುವಿನ ಜೀವದ ಹಿತವನ್ನು ಅರಿತಿರುತ್ತಾನೆಂದು ಜ್ಞಾನೋಕ್ತಿಗಳು ಹೇಳುತ್ತವೆ (12:10). ಇಡೀ ನಿನೆವೆ ನಗರ ನಾಶವಾಗಲೆಂದು ಯೋನನು ಹಟ ಹಿಡಿದಾಗ ದೇವರು ಅಲ್ಲಿನ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚಿನ ಜನರ ಲೆಕ್ಕ ಕೊಡುತ್ತಾರೆ; ಆ ಲೆಕ್ಕದ ಕೊನೆಗೆ ದನಕರುಗಳನ್ನೂ ಸೇರಿಸುತ್ತಾರೆ (ಯೋನ 4:11). ಸಬ್ಬತ್ ದಿನದಲ್ಲಿ ಬಾವಿಗೆ ಬಿದ್ದ ಎತ್ತನ್ನು ಯಾರು ತಾನೇ ಮೇಲೆತ್ತದೆ ಬಿಟ್ಟಾರು ಎಂಬ ಅರ್ಥದ ಪ್ರಶ್ನೆಯನ್ನು ಯೇಸುಸ್ವಾಮಿ ಫರಿಸಾಯರ ಮುಂದಿಟ್ಟರು (ಲೂಕ 14:5). ಅವರಿಂದ ಉತ್ತರ ಬರಲಿಲ್ಲ. ನೋವಿನಲ್ಲಿರುವ ಪ್ರಾಣಿಯ ಕಡೆಗೆ ಮನುಷ್ಯನ ಕೈ ತಾನಾಗಿ ಚಾಚುತ್ತದೆಂಬುದನ್ನು ಸ್ವಾಮಿ ಒಪ್ಪಿಕೊಂಡೇ ಮಾತನಾಡಿದರು. ಆ ಕೈಯನ್ನು ಅವರು ಹಿಂದಕ್ಕೆ ತಳ್ಳಲಿಲ್ಲ. ಇಷ್ಟು ಮಾಡುವವರು ಕಾಯಿಲೆಯ ಮನುಷ್ಯನನ್ನು ಕಂಡಾಗ ಏಕೆ ಸುಮ್ಮನಿದ್ದೀರಿ ಎಂಬುದು ಅವರ ಆಕ್ಷೇಪ. ಈ ಮಾತನ್ನು ನೆನಪಿನಲ್ಲಿಡಿ.

ನಮ್ಮ ನಾಡಿನ ಹಿರಿಯರೂ ಈ ಋಣ ಬಲ್ಲವರು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಕಾಲದ ಕನ್ನಡ ಶಾಸನ ಕಾಳಿ ಎಂಬ ಬೇಟೆನಾಯಿಯ ನೆನಪಿಗಾಗಿ ನಿಲ್ಲಿಸಿದ ಕಲ್ಲಿನದು. ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತ ನಾಯಿ ಅದು. ಆ ಕಲ್ಲಿಗೆ ಭೂಮಿಯನ್ನೂ ದಾನವಾಗಿ ಬಿಟ್ಟರು. ಈಗ ಆ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ಹಿಂದೆಯೇ ನಾಯಿಯ ನಿಯತ್ತಿಗೆ ಕಲ್ಲು ಕೆತ್ತಿಸಿದ ನಾಡು ನಮ್ಮದು.

ಅದಕ್ಕೆ ಆತ್ಮವಿದೆಯೇ?

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಎಲ್ಲರೂ ಎದುರಿಸುವ ಪ್ರಶ್ನೆ ಇದು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನನ್ನು ಅನುಸರಿಸಿ ಸಂತ ತೋಮಸ್ ಅಕ್ವಿನಾಸರು (1225-1274) ಹೇಳುವ ಪ್ರಕಾರ ಜೀವವಿರುವುದಕ್ಕೆಲ್ಲ ಆತ್ಮವಿದೆ. ಏಕೆಂದರೆ ಆತ್ಮವೆಂದರೆ ದೇಹಕ್ಕೆ ಜೀವ ಕೊಡುವ ತತ್ವ. ಗಿಡಕ್ಕಿರುವುದು ಬೆಳೆಯುವ ಶಕ್ತಿ. ಪ್ರಾಣಿಗೆ ಬೆಳೆಯುವುದರ ಜೊತೆಗೆ ನೋಡುವ, ಕೇಳುವ, ನೋಯುವ, ನೆನಪಿಡುವ ಶಕ್ತಿಯಿದೆ. ಮನುಷ್ಯನಿಗೆ ಇವೆಲ್ಲದರ ಮೇಲೆ ಅರಿಯುವ ಬುದ್ಧಿ, ಆರಿಸಿಕೊಳ್ಳುವ ಸ್ವಾತಂತ್ರ್ಯ ಇವೆ. ಪ್ರಾಣಿಯ ಆತ್ಮ ದೇಹವನ್ನೇ ಆಶ್ರಯಿಸಿರುವುದರಿಂದ ದೇಹದೊಡನೆ ಅದೂ ಮುಗಿಯುತ್ತದೆ, ಮನುಷ್ಯನ ಆತ್ಮ ಹಾಗಲ್ಲ ಎಂಬುದು ಅವರ ತೀರ್ಮಾನ.

ನಾಲ್ಕು ಶತಮಾನಗಳ ನಂತರ ಬಂದ ಫ್ರಾನ್ಸಿನ ದೆಕಾರ್ತ್ (1596-1650) ಪ್ರಾಣಿಗಳನ್ನು ಯಂತ್ರಗಳಿಗೆ ಹೋಲಿಸಿದನು. ಅವನ ವಾದವನ್ನು ತುದಿಗೆ ಒಯ್ದವರಿಗೆ ಪೆಟ್ಟು ತಿಂದ ನಾಯಿಯ ಕೂಗು ಗಡಿಯಾರದ ಸದ್ದಿಗಿಂತ ಹೆಚ್ಚಿನದಾಗಿ ಕೇಳಲಿಲ್ಲ. ನಮ್ಮ ಪರಂಪರೆ ಇದನ್ನು ಒಪ್ಪುವುದಿಲ್ಲ. ಸಂತ ತೋಮಸರ ನಾಯಿ ನಿಜವಾಗಿ ನೋಯುತ್ತದೆ. ಹೊಡೆದವನನ್ನೂ ಅನ್ನ ಹಾಕಿದವನನ್ನೂ ಗುರುತಿಡುತ್ತದೆ.

ಆದರೆ ಒಂದನ್ನು ಮಾತ್ರ ಅದು ಮಾಡಲಾರದು. ತನ್ನ ನೋವಿಗೆ ಅರ್ಥ ಹುಡುಕಲಾರದು. ಜ್ವರ ಬಂದ ಮಗುವಿಗೆ ಇಂಜೆಕ್ಷನ್ ಕೊಡಿಸುವಾಗ ನಾವು, “ಒಂದು ಕ್ಷಣ ತಡಕೋ ಕಂದ, ನಾಳೆ ಆಟ ಆಡಬಹುದು” ಎನ್ನುತ್ತೇವೆ. ಮಗು ಅತ್ತರೂ ನಾಳೆ ಎಂಬುದೊಂದಿದೆ ಎಂದು ಅದಕ್ಕೆ ಗೊತ್ತು. ಗಾಯಗೊಂಡ ನಾಯಿಗೆ ಇದನ್ನು ಹೇಳುವುದು ಹೇಗೆ? ನೋವನ್ನು ಪಾಪಪರಿಹಾರಕ್ಕೆ ಒಪ್ಪಿಸು ಎನ್ನಲಾದೀತೇ? ಅದರ ಕೈಲಿರುವುದು ಒಂದೇ, ನಮ್ಮನ್ನು ನಂಬುವುದು. ಗಾಯ ತೊಳೆಯುವಾಗ ಉರಿಯಿಂದ ಹಲ್ಲು ಕಿರಿಯುತ್ತದೆ. ಮರುಗಳಿಗೆ ಆ ಕೈಯನ್ನೇ ನೆಕ್ಕುತ್ತದೆ.

ನಮ್ಮ ಹೊಣೆಯ ಮೂಲ ಇಲ್ಲಿದೆಯೆಂದು ನನಗೆ ಅನಿಸುತ್ತದೆ. ಆದಿಕಾಂಡದಲ್ಲಿ ದೇವರು ಪ್ರಾಣಿಗಳನ್ನು ಆದಾಮನ ಬಳಿಗೆ ತಂದು, ಅವನು ಏನೆಂದು ಹೆಸರಿಡುವನೋ ನೋಡಿದರು (2:19). ಹೆಸರಿಟ್ಟು ಕರೆಯುವುದೆಂದರೆ ನನ್ನದೆಂದು ಒಪ್ಪಿಕೊಳ್ಳುವುದು. ಬೀದಿಯಲ್ಲಿ ಓಡುವ ನೂರು ನಾಯಿಗಳಲ್ಲಿ ಒಂದನ್ನು ನಾವು ಮನೆಗೆ ತಂದು ಹೆಸರಿಟ್ಟೆವು. ಹೆಸರು ಕರೆದಾಗ ಅದು ಬಂತು. ಬರುವುದನ್ನು ಕಲಿಸಿದವರು ನಾವು. ಹೀಗಿರುವಾಗ ಅದು ಬರಲಾರದೆ ಬಿದ್ದ ದಿನ ನಾವು ಅದರ ಬಳಿಗೆ ಹೋಗಬೇಕಲ್ಲವೇ?

ಒಂದು ಮನೆಯ ಆರು ವಾರ

ನನಗೆ ಪರಿಚಯದ ಒಂದು ಕುಟುಂಬವಿದೆ. ಅಪ್ಪ ಗಾರೆ ಕೆಲಸದವರು, ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮಗಳು ದ್ವಿತೀಯ ಪಿಯುಸಿ, ಮಗ ಐದನೇ ಕ್ಲಾಸು. ಒಳಕೋಣೆಯಲ್ಲಿ ಎರಡು ವರ್ಷದಿಂದ ಲಕ್ವ ಹೊಡೆದು ಮಲಗಿರುವ ಅಜ್ಜಿ. ಅವರ ನಾಯಿಯ ಹೆಸರು ಜಿಮ್ಮಿ. ಯಾವ ಜಾತಿಯದೂ ಅಲ್ಲ, ಕ್ರಿಸ್ಮಸ್ ಸಮಯದಲ್ಲಿ ಹುಡುಗ ರಸ್ತೆಬದಿಯಿಂದ ಎತ್ತಿಕೊಂಡು ಬಂದ ನಾಟಿ ನಾಯಿ.

ಒಂದು ಬೆಳಗಿನ ಜಾವ ಹಾಲಿನ ವ್ಯಾನು ಹೊಡೆಯಿತು. ಹಿಂಗಾಲೆರಡೂ ಸ್ವಾಧೀನ ತಪ್ಪಿದವು. ಮುಂಗಾಲಿನಲ್ಲೇ ಮೈ ಎಳೆದುಕೊಂಡು ಹೊಸ್ತಿಲವರೆಗೆ ಬಂದು ಬಿತ್ತು. ಪಶು ಆಸ್ಪತ್ರೆಯ ಡಾಕ್ಟರು ಹಿಂಗಾಲಿನ ಬೆರಳನ್ನು ಚಿಮುಟದಿಂದ ಗಟ್ಟಿಯಾಗಿ ಅದುಮಿದರು. ಜಿಮ್ಮಿ ತಲೆ ತಿರುಗಿಸಿ ಕುಂಯ್‌ಗುಟ್ಟಿತು. ಡಾಕ್ಟರ ಮುಖ ಅರಳಿತು. “ಕಾಲು ಎಳೆದುಕೊಂಡರೆ ಮಾತ್ರ ಸಾಲದು, ನೋವು ಮೆದುಳಿಗೆ ಮುಟ್ಟಬೇಕು. ಇದಕ್ಕೆ ಮುಟ್ಟಿದೆ. ಆಸೆ ಇಟ್ಟುಕೊಳ್ಳಬಹುದು” ಎಂದರು. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಮುರಿದಂತೆ ಕಾಣಲಿಲ್ಲ. ಮೂಳೆಯೊಳಗಿನ ನರದ ಹುರಿಗೆ ಪೆಟ್ಟಾಗಿ ಊದಿಕೊಂಡಿರಬಹುದು ಎಂದರು. ಮುಂದೆ ಎರಡು ದಾರಿ. ದೊಡ್ಡ ಊರಿಗೆ ಒಯ್ದು ಸ್ಕ್ಯಾನ್ ಮಾಡಿಸಿ, ಬೇಕಾದರೆ ಆಪರೇಷನ್. ಖರ್ಚು ಆ ಮನೆಯ ಎರಡು ತಿಂಗಳ ದುಡಿಮೆ, ಗುಣವಾಗುವ ಭರವಸೆಯಿಲ್ಲ. ಇಲ್ಲವೇ ಮನೆಯಲ್ಲೇ ಆರು ವಾರ ಅಲುಗಾಡದಂತೆ ಮಲಗಿಸಿ ಆರೈಕೆ ಮಾಡಿ ನೋಡುವುದು.

ಮನೆಯಲ್ಲಿದ್ದ ಹಣ ಮಗಳ ಕಾಲೇಜಿಗೆ ಎತ್ತಿಟ್ಟದ್ದು. ಅಪ್ಪ ಎರಡನೇ ದಾರಿ ಹಿಡಿದರು.

ಹೊಡೆತ ತಿಂದು ಮಲಗಿದ ನಾಯಿಯ ಆರೈಕೆ ಮಾತಿನಷ್ಟು ಸುಲಭವಲ್ಲ. ತಾನಾಗಿ ಮೂತ್ರ ಮಾಡಲಾರದು. ದಿನಕ್ಕೆ ನಾಲ್ಕು ಸಲ ಕಿಬ್ಬೊಟ್ಟೆಯನ್ನು ಹದವಾಗಿ ಒತ್ತಿ ಮಾಡಿಸಬೇಕು. ಇದನ್ನು ಡಾಕ್ಟರಿಂದ ಅಮ್ಮ ಕಲಿತರು. ಒಂದೇ ಮಗ್ಗುಲಲ್ಲಿ ಮಲಗಿದರೆ ಚರ್ಮ ಕೊಳೆತು ಹುಣ್ಣಾಗುತ್ತದೆ. ನಾಲ್ಕು ಗಂಟೆಗೊಮ್ಮೆ ಹೊರಳಿಸಬೇಕು. ಮಗಳು ಓದಿಗೆಂದು ಎದ್ದಿರುತ್ತಿದ್ದಳು, ಮಲಗುವಾಗ ಅಲಾರಂ ಇಟ್ಟುಕೊಳ್ಳುತ್ತಿದ್ದಳು. ಡಾಕ್ಟರು ಸೂಚಿಸಿದ ಮೇಲೆ ಅಪ್ಪ ಕೆಲಸದಿಂದ ಬಂದವರೇ ಹೊಟ್ಟೆಯ ಕೆಳಗೆ ಟವೆಲ್ ತೂರಿಸಿ ಹಿಂಭಾಗವನ್ನು ಎತ್ತಿ ಹಿಡಿದು ಹಿಂಗಾಲುಗಳನ್ನು ನೆಲಕ್ಕೆ ತಾಗಿಸುತ್ತಿದ್ದರು. ಹುಡುಗ ರಾತ್ರಿ ಜಪಸರದಲ್ಲಿ ಪ್ರತಿ ದಶಕದ ಕೊನೆಗೂ ಜಿಮ್ಮಿಯ ಹೆಸರು ಸೇರಿಸುತ್ತಿದ್ದನು.

ಎರಡು ವಾರ ಕಳೆದರೂ ಕಾಲು ಅಲುಗಲಿಲ್ಲ. ನೆರೆಯವರೊಬ್ಬರು ಬಂದು ನೋಡಿ, “ಯಾಕಪ್ಪ ಅದಕ್ಕೂ ಹಿಂಸೆ, ನಿಮಗೂ ಹಿಂಸೆ? ಒಂದು ಇಂಜೆಕ್ಷನ್ ಕೊಡಿಸಿ, ನೆಮ್ಮದಿಯಾಗಿ ಹೋಗಲಿ” ಎಂದರು. ಕೇಡು ಬಗೆದು ಹೇಳಿದ ಮಾತಲ್ಲ, ಮರುಕದಿಂದಲೇ ಬಂದದ್ದು. ಅವರು ಹೋದ ಮೇಲೆ ಹುಡುಗ ಅಪ್ಪನನ್ನು ಕೇಳಿದ: “ಅಪ್ಪಾ, ಅಜ್ಜಿನೂ ಹಂಗೇ ಮಲಗಿದಾರಲ್ಲ. ಅಜ್ಜಿಗೂ ಇಂಜೆಕ್ಷನ್ ಕೊಡಿಸ್ತೀರಾ?”

ಆ ಮನೆಯ ಗೋಡೆಗಳು ತೆಳು. ಒಳಕೋಣೆಗೆ ಎಲ್ಲವೂ ಕೇಳಿಸುತ್ತದೆ.

ಮಗುವಿನ ಪ್ರಶ್ನೆ

ಪ್ರಿಯ ಓದುಗರೇ, ಆ ಹುಡುಗನ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸಬಹುದಿತ್ತು. ಆದರೆ ಅದೇ ಪ್ರಶ್ನೆಯನ್ನು ಇಂದು ಕೆಲವು ದೇಶಗಳ ಶಾಸನಸಭೆಗಳೂ ಕೇಳಿಕೊಂಡಿವೆ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂಗಳಲ್ಲಿ 2002ರಿಂದ, ಕೆನಡಾದಲ್ಲಿ 2016ರಿಂದ, ಷರತ್ತುಗಳಿಗೆ ಒಳಪಟ್ಟು, ರೋಗಿಯ ಕೋರಿಕೆಯ ಮೇರೆಗೆ ವೈದ್ಯರು ಜೀವ ಕೊನೆಗೊಳಿಸಲು ಕಾನೂನಿನ ಅವಕಾಶವಿದೆ. ನಾಯಿಗೆ ತೋರುವ ಕರುಣೆಯನ್ನು ಮನುಷ್ಯನಿಗೇಕೆ ಅಲ್ಲಗಳೆಯುತ್ತೀರಿ ಎಂಬ ವಾದ ಅಂಥ ಚರ್ಚೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆದ್ದರಿಂದ ಉತ್ತರವನ್ನು ನಾವು ಎಚ್ಚರದಿಂದ ಯೋಚಿಸಬೇಕು.

ಮನುಷ್ಯನಿಗೆ ಬುದ್ಧಿಯಿದೆ, ಮಾತಿದೆ, ನೋವಿಗೆ ಅರ್ಥ ಕಾಣುವ ಶಕ್ತಿಯಿದೆ, ಆದ್ದರಿಂದ ಅವನ ಜೀವ ಬೆಲೆಯುಳ್ಳದ್ದು ಎಂದು ಕೆಲವರು ಉತ್ತರಿಸುತ್ತಾರೆ. ಕೇಳಲು ಸರಿಯೆನಿಸುತ್ತದೆ. ಆದರೆ ಇದರಲ್ಲಿ ಅಪಾಯವಿದೆ. ಆ ಬುದ್ಧಿ ಮಂಕಾದಾಗ? ಅಜ್ಜಿಗೆ ಮಾತು ನಿಂತಾಗ, ಮೊಮ್ಮಗನ ಹೆಸರೂ ಮರೆತುಹೋದಾಗ? ಹುಟ್ಟಿನಿಂದಲೇ ಬುದ್ಧಿ ಬೆಳೆಯದ ಮಗುವಿನ ಗತಿಯೇನು? ಬೆಲೆಯನ್ನು ಸಾಮರ್ಥ್ಯದ ಮೇಲೆ ಕಟ್ಟಿದರೆ, ಸಾಮರ್ಥ್ಯ ಕಳೆದ ದಿನವೇ ಬೆಲೆಯೂ ಕಳೆಯಬೇಕಾಗುತ್ತದೆ. ಆಗ ಚುರುಕಾದ ನಾಯಿಗೆ ಹಾಸಿಗೆ ಹಿಡಿದ ಅಜ್ಜಿಗಿಂತ ಹೆಚ್ಚು ಬೆಲೆ ಎಂದೂ ಯಾರಾದರೂ ವಾದಿಸಿಯಾರು.

ನಮ್ಮ ವಿಶ್ವಾಸ ಹೇಳುವುದು ಬೇರೆ. ಮನುಷ್ಯನ ಘನತೆಯಿರುವುದು ಅವನು ಏನು ಮಾಡಬಲ್ಲ ಎಂಬುದರಲ್ಲಲ್ಲ, ಅವನು ಯಾರು ಎಂಬುದರಲ್ಲಿ. ದೇವರು ತಮ್ಮ ಹೋಲಿಕೆಯಲ್ಲಿ ಸೃಷ್ಟಿಸಿ, ತಮ್ಮೊಡನೆ ನಿತ್ಯವೂ ಬಾಳಲೆಂದು ಕರೆದ ವ್ಯಕ್ತಿ ಅವನು. ಆ ಕರೆ ನಿದ್ದೆಯಲ್ಲೂ, ಮರೆವಿನಲ್ಲೂ, ಲಕ್ವದಲ್ಲೂ ರದ್ದಾಗುವುದಿಲ್ಲ. ಪ್ರಾಣಿಯನ್ನು ದೇವರು ನಮ್ಮ ಕೈಗೆ ಒಪ್ಪಿಸಿದ್ದಾರೆ. ಅದರ ಬದುಕಿನ ಬಗ್ಗೆ, ಅನಿವಾರ್ಯವಾದಾಗ ಅದರ ಸಾವಿನ ಬಗ್ಗೆಯೂ, ನಾವು ಮೇಲ್ವಿಚಾರಕರಂತೆ ತೀರ್ಮಾನಿಸಬೇಕಾಗುತ್ತದೆ. ಆದರೆ ಅಜ್ಜಿಯನ್ನು ದೇವರು ನಮ್ಮ ಕೈಗೆ ಹೀಗೆ ಒಪ್ಪಿಸಿಲ್ಲ. ಅವರನ್ನು ನಮ್ಮ ಪಕ್ಕದಲ್ಲಿ ಇರಿಸಿದ್ದಾರೆ.

ಆದ್ದರಿಂದಲೇ 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಮನುಷ್ಯರ ದಯಾಮರಣವನ್ನು ನೈತಿಕವಾಗಿ ಒಪ್ಪಲಾಗದೆಂದು ಹೇಳುತ್ತದೆ (2277). ಹಾಗೆಂದು ಸಾಯುತ್ತಿರುವವರನ್ನು ಯಂತ್ರಗಳಿಗೆ ಕಟ್ಟಿ ಎಳೆದಾಡಬೇಕೆಂದೂ ಅದು ಹೇಳುವುದಿಲ್ಲ. ಫಲಕ್ಕಿಂತ ಭಾರವೇ ಹೆಚ್ಚಾದ ಚಿಕಿತ್ಸೆಯನ್ನು ನಿಲ್ಲಿಸುವುದು ಕೊಲೆಯಲ್ಲ, ಸಾವನ್ನು ತಡೆಯಲಾರೆವೆಂದು ಒಪ್ಪಿಕೊಳ್ಳುವುದು (2278). ನೋವು ಶಮನ ಮಾಡುವ ಆರೈಕೆ ಮಾತ್ರ ಕೊನೆಯವರೆಗೂ ನಿಲ್ಲಬಾರದು (2279).

ನಾಯಿಯ ವಿಷಯದಲ್ಲಿ? ಪ್ರಾಣಿಗಳನ್ನು ಅನಗತ್ಯವಾಗಿ ನೋಯಿಸುವುದು, ಕೊಲ್ಲುವುದು ಮನುಷ್ಯನ ಘನತೆಗೇ ವಿರುದ್ಧವೆಂದು ಅದೇ ಗ್ರಂಥ ಬೋಧಿಸುತ್ತದೆ (2418). ಇಲ್ಲಿ ಗಮನಿಸಬೇಕಾದ ಮಾತು ‘ಅನಗತ್ಯವಾಗಿ’ ಎಂಬುದು. ಗುಣವಾಗುವ ಆಸೆಯಿರುವಾಗ, ನೋಡಿಕೊಳ್ಳಲು ಬೇಸರವೆಂದು ಪ್ರಾಣ ತೆಗೆಸುವುದು ಅನಗತ್ಯ. ಆಸೆಯೆಲ್ಲ ಮುಗಿದು, ಔಷಧಿಗೂ ಜಗ್ಗದ ನೋವಿನಲ್ಲಿ ಪ್ರಾಣಿ ಒದ್ದಾಡುತ್ತಿರುವಾಗ ಪಶುವೈದ್ಯರ ಕೈಯಿಂದ ಅದಕ್ಕೆ ಶಾಂತವಾದ ಸಾವು ಕೊಡಿಸಿದರೆ ಪಾಪವಲ್ಲ. ಆಗ ಅದನ್ನು ಬಲವಂತವಾಗಿ ಉಳಿಸಿಕೊಳ್ಳುವುದು ಪ್ರೀತಿಯಾಗಿರದೆ, ನಮ್ಮ ದುಃಖವನ್ನು ಮುಂದೂಡುವ ಉಪಾಯವಾಗಿರಬಹುದು. ಈ ಪ್ರಯತ್ನ ಅದಕ್ಕಾಗಿಯೋ ನನಗಾಗಿಯೋ ಎಂದು ಮನೆಯ ಹಿರಿಯರು ತಮ್ಮನ್ನೇ ಕೇಳಿಕೊಳ್ಳಬೇಕು. ಉತ್ತರ ಸಿಕ್ಕ ಮೇಲೆ ಆ ಗಳಿಗೆಯಲ್ಲಿ ಅದನ್ನು ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟು ಬರಬೇಡಿ. ನಂಬಿದ ಕೈ ಕೊನೆಯುಸಿರಿನವರೆಗೆ ಅದರ ತಲೆಯ ಮೇಲಿರಲಿ.

ಎಷ್ಟು ಖರ್ಚು ಮಾಡಬೇಕು?

ಮನುಷ್ಯರ ಸಂಕಟ ನೀಗಿಸಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲವೆಂದು ಧರ್ಮೋಪದೇಶ ಗ್ರಂಥ ಅದೇ ಪರಿಚ್ಛೇದದಲ್ಲಿ ಎಚ್ಚರಿಸುತ್ತದೆ. ಪ್ರಾಣಿಗಳನ್ನು ಪ್ರೀತಿಸಬಹುದು, ಮನುಷ್ಯರಿಗೆ ಮಾತ್ರ ಸಲ್ಲುವ ಮಮತೆಯನ್ನು ಅವುಗಳಿಗೆ ತಿರುಗಿಸಬಾರದು. ಕೆಲವರಿಗೆ ಇದು ಕಠಿಣವೆನಿಸಬಹುದು. ಆದರೆ ಮಗಳ ಕಾಲೇಜಿನ ಹಣ ಮುಟ್ಟದೆ ಇದ್ದ ಆ ಗಾರೆ ಕೆಲಸದ ತಂದೆಯನ್ನು ನೋಡಿ. ಅವರು ನಾಯಿಯನ್ನು ಕಡಿಮೆ ಪ್ರೀತಿಸಿದರೇ? ದಿನವಿಡೀ ಇಟ್ಟಿಗೆ ಹೊತ್ತ ಬೆನ್ನನ್ನು ಸಂಜೆ ಮತ್ತೆ ಬಗ್ಗಿಸಿ ಟವೆಲ್ ಹಿಡಿದವರು ಅವರು. ಪ್ರೀತಿಯನ್ನು ಬಿಲ್ಲಿನ ಮೊತ್ತದಿಂದ ಅಳೆಯಲಾಗದು. ಹಣವಿಲ್ಲದೆ ದೊಡ್ಡ ಚಿಕಿತ್ಸೆ ಕೊಡಿಸಲಾಗದವರು ತಾವು ಮೋಸ ಮಾಡಿದೆವೆಂದು ಕೊರಗಬೇಕಾಗಿಲ್ಲ. ಹಣವಿದ್ದವರು ಖರ್ಚು ಮಾಡಿದರೆ ಅದನ್ನು ಆಡಿಕೊಳ್ಳಬೇಕಾಗಿಯೂ ಇಲ್ಲ. ಅವರ ಬಾಗಿಲಲ್ಲಿ ಲಾಜರ ಯಾರಾದರೂ ಇದ್ದಾರೆಯೇ ಎಂಬುದನ್ನು ಅವರೇ ನೋಡಿಕೊಳ್ಳಲಿ.

ಒಳಕೋಣೆಯ ಮಂಚ

ಹುಡುಗ ಆ ಪ್ರಶ್ನೆ ಕೇಳಿದ ಮರುದಿನ ಅಜ್ಜಿ ಮಗನನ್ನು ಕರೆದರು. ತೊದಲು ನಾಲಿಗೆಯಲ್ಲಿ, “ನಾಯಿನ ಇಲ್ಲಿಗ್ ತಂದ್ ಹಾಕ್ರಪ್ಪ, ನನ್ ಮಂಚದ ಪಕ್ಕಕ್ಕೆ. ಇಬ್ರಿಗೂ ಒಂದೇ ಕಾಯ್ಲೆ” ಎಂದರು. ಸಿಟ್ಟಿತ್ತೋ ನಗೆಯಿತ್ತೋ ತಿಳಿಯಲಿಲ್ಲ ಎಂದು ಆಮೇಲೆ ಮಗ ನನಗೆ ಹೇಳಿದರು.

ಜಿಮ್ಮಿಯ ಹಾಸಿಗೆ ಒಳಕೋಣೆಗೆ ಹೋಯಿತು. ಅದರ ಹಿಂದೆಯೇ ಮನೆಯವರೆಲ್ಲ ಒಳಕೋಣೆಗೆ ಹೋದರು. ಅಲ್ಲಿಯವರೆಗೆ ಅಜ್ಜಿಗೆ ಊಟ, ಔಷಧಿ, ಸ್ನಾನ ಯಾವುದಕ್ಕೂ ಕಡಿಮೆಯಿರಲಿಲ್ಲ. ಆದರೆ ಎರಡು ವರ್ಷದಲ್ಲಿ ಅದು ದಿನಚರಿಯಾಗಿತ್ತು. ಕೆಲಸ ಮುಗಿದ ಕೂಡಲೇ ಕೋಣೆಯ ಬಾಗಿಲು ಮುಂದಾಗುತ್ತಿತ್ತು. ಅದನ್ನು ಕಂಡುಕೊಂಡವಳು ಮಗಳು. “ಫಾದರ್, ಜಿಮ್ಮಿಗೆ ಹುಣ್ಣಾಗಬಾರದು ಅಂತ ನಾನು ಅಲಾರಂ ಇಟ್ಟುಕೊಂಡು ಏಳ್ತಿದ್ದೆ. ಅಜ್ಜಿ ಬೆನ್ನು ಸರಿಯಾಗಿ ನೋಡಿದ್ದು ಅವತ್ತೇ. ಸೊಂಟದ ಹತ್ತಿರ ಕೆಂಪಗಾಗಿತ್ತು” ಎಂದಳು. ಅಂದಿನಿಂದ ಅಲಾರಂ ಕೂಗಿದಾಗ ಮೊದಲು ಅಜ್ಜಿಯನ್ನು ಹೊರಳಿಸಿದರು, ಆಮೇಲೆ ನಾಯಿಯನ್ನು. ಜಪಸರವೂ ಆ ಕೋಣೆಯಲ್ಲೇ ನಡೆಯತೊಡಗಿತು. ಅಜ್ಜಿಯ ಸ್ವಾಧೀನವಿದ್ದ ಬಲಗೈ ಮಂಚದಿಂದ ಇಳಿಬಿದ್ದು ನಾಯಿಯ ಕಿವಿಯ ಮೇಲಿರುತ್ತಿತ್ತು.

ಸಬ್ಬತ್ ದಿನದ ಎತ್ತಿನ ಬಗ್ಗೆ ಯೇಸುಸ್ವಾಮಿ ಆಡಿದ ಮಾತನ್ನು ನೆನಪಿನಲ್ಲಿಡಲು ಕೇಳಿದ್ದೆನಲ್ಲ, ಅದರ ಅರ್ಥ ಇದು. ಎತ್ತನ್ನು ಮೇಲೆತ್ತಿದ್ದು ತಪ್ಪಲ್ಲ. ಎತ್ತನ್ನು ಎತ್ತಿದ ಕೈ ಮನುಷ್ಯನ ಬಳಿ ಬಂದಾಗ ನಿಲ್ಲಬಾರದು. ಪ್ರಾಣಿಗಳ ಮೇಲೆ ಮರುಕ ಬೆಳೆಸಿಕೊಂಡವನ ಮನಸ್ಸು ಮನುಷ್ಯರ ಕಡೆಗೂ ಸುಲಭವಾಗಿ ಕರಗುತ್ತದೆಂದು ಸಂತ ತೋಮಸರು ಕಂಡಿದ್ದರು. ಪೋಪ್ ಫ್ರಾನ್ಸಿಸರು 2015ರ ‘ಲಾವ್ದಾತೊ ಸಿ’ ವಿಶ್ವಪತ್ರದಲ್ಲಿ ಇದರ ಎರಡೂ ಮುಖಗಳನ್ನು ತೋರಿಸಿದರು: ಜೀವಿಗಳ ಮೇಲಿನ ಕ್ರೌರ್ಯ ಇಂದಲ್ಲ ನಾಳೆ ಮನುಷ್ಯರ ಕಡೆಗೂ ತಿರುಗುತ್ತದೆ, ಹಾಗೆಯೇ, ಮನುಷ್ಯರಿಗಾಗಿ ಮಿಡಿಯದ ಹೃದಯದ ಪ್ರಕೃತಿಪ್ರೇಮ ನಿಜವಾದದ್ದಲ್ಲ (91-92).

ನಾಲ್ಕನೇ ವಾರ ಜಿಮ್ಮಿಯ ಬಾಲ ಅಲುಗಿತು. ಐದನೇ ವಾರ ಬಲ ಹಿಂಗಾಲು ನೆಲ ಒತ್ತಿತು. ಆರನೇ ವಾರ ಕುಡಿದವನಂತೆ ತೂರಾಡುತ್ತಾ ಹೊಸ್ತಿಲು ದಾಟಿತು. ಎಡಗಾಲು ಇಂದಿಗೂ ಎಳೆಯುತ್ತದೆ, ಮಳೆಗಾಲದಲ್ಲಿ ಹೆಚ್ಚು. ಅಜ್ಜಿ ಎದ್ದು ನಡೆಯಲಿಲ್ಲ; ನಡೆಯುವ ಸೂಚನೆಯೂ ಇಲ್ಲ. ಆದರೆ ಅವರ ಕೋಣೆಯ ಬಾಗಿಲು ಈಗ ಹಗಲೆಲ್ಲ ತೆರೆದಿರುತ್ತದೆ. ನಾಯಿಗೆ ಆರೋಗ್ಯ ಕೊಟ್ಟ ದೇವರು ಅಜ್ಜಿಗೇಕೆ ಕೊಡಲಿಲ್ಲ ಎಂದು ಹುಡುಗ ಕೇಳಿದ್ದಾನೆ. ಅದಕ್ಕೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಶಿಲುಬೆಯ ಮುಂದೆ ಅವನೊಡನೆ ಕುಳಿತುಕೊಳ್ಳಬಲ್ಲೆ, ಅಷ್ಟೇ.

ನಿಮ್ಮ ಮನೆಗೆ ಈ ಸಂಕಟ ಬಂದರೆ

ಮನೆಯವರ ಉಪಯೋಗಕ್ಕೆ ಕೆಲವು ಮಾತು. ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚಬಹುದು. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಮೂತಿಯನ್ನು ಮೆತ್ತನೆಯ ಬಟ್ಟೆಯಿಂದ ಸಡಿಲವಾಗಿ ಕಟ್ಟಿ, ಬೆನ್ನು ಬಾಗದಂತೆ ಹಲಗೆಯ ಮೇಲೆ ಮಲಗಿಸಿ ಒಯ್ಯಿರಿ. ಕಚ್ಚಿದರೆ ಗಾಯವನ್ನು ಸೋಪುನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ. ನಮಗೆ ಕೊಡುವ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಅದಕ್ಕೆ ವಿಷವಾಗಬಹುದು. ಪಶುವೈದ್ಯರ ಮಾತು ಕೇಳಿ. ಆಸೆಯಿಲ್ಲವೆಂದು ಅವರು ಹೇಳಿದಾಗಲೂ ಕೇಳಿ. ಮಕ್ಕಳಿಗೆ ಸುಳ್ಳು ಹೇಳಬೇಡಿ. ನಾಯಿ ಸತ್ತರೆ ಸತ್ತಿತೆಂದೇ ಹೇಳಿ, ಅವರೊಡನೆ ಗುಂಡಿ ತೋಡಿ ಮಣ್ಣು ಮಾಡಿ. ಸಾವಿನ ಮುಂದೆ ಹೇಗೆ ನಿಲ್ಲಬೇಕೆಂದು ಅನೇಕ ಮಕ್ಕಳು ಮೊದಲು ಕಲಿಯುವುದು ಅಲ್ಲಿಯೇ.

ಸ್ವರ್ಗದಲ್ಲಿ ಅದು ಸಿಗುತ್ತದೆಯೇ ಎಂದು ಅವರು ಕೇಳಿದರೆ? ಧರ್ಮಸಭೆ ಇದನ್ನು ವಿಶ್ವಾಸದ ಸತ್ಯವಾಗಿ ನಿರ್ಧರಿಸಿಲ್ಲ. ಸೃಷ್ಟಿಯೆಲ್ಲವೂ ಬಿಡುಗಡೆಗಾಗಿ ನರಳುತ್ತಾ ಕಾದಿದೆಯೆಂದು ಸಂತ ಪೌಲರು ರೋಮನರಿಗೆ ಬರೆದರು (8:19-22). ನಿತ್ಯಜೀವದಲ್ಲಿ ಪ್ರತಿಯೊಂದು ಜೀವಿಯೂ ಹೊಸ ರೂಪ ತಾಳಿ ತನ್ನ ಸ್ಥಾನ ಪಡೆಯುವುದೆಂಬ ಭರವಸೆಯನ್ನು ಪೋಪ್ ಫ್ರಾನ್ಸಿಸರು ವ್ಯಕ್ತಪಡಿಸಿದರು. ಅದು ಹೇಗೆಂಬುದನ್ನು ಗುಬ್ಬಚ್ಚಿಗಳನ್ನೂ ಮರೆಯದ ತಂದೆಗೆ ಬಿಡೋಣ.

ನಮಗೆ ಬಿಟ್ಟದ್ದು ಇಂದಿನ ರಾತ್ರಿ. ಪೆಟ್ಟು ತಿಂದು ಮಲಗಿದ ಪ್ರಾಣಿ ನಿಮ್ಮ ಮನೆಯಲ್ಲಿದ್ದರೆ ಅದರ ಬಳಿ ಕುಳಿತುಕೊಳ್ಳಿ, ನಾಚಿಕೆ ಬೇಡ. ನೀರು ಕುಡಿಸಿ, ಮಗ್ಗುಲು ಹೊರಳಿಸಿ, ಹೆಸರು ಹಿಡಿದು ಕರೆಯಿರಿ. ಆಮೇಲೆ ದೀಪ ಆರಿಸುವ ಮೊದಲು, ಒಳಕೋಣೆಯ ಬಾಗಿಲು ಮುಚ್ಚಿದೆಯೇ ನೋಡಿ. ಮುಚ್ಚಿದ್ದರೆ ತೆರೆಯಿರಿ.

ಸಕಲ ಜೀವಿಗಳ ಒಡೆಯರಾದ ದೇವರು ನ‌ಿಮ್ಮನ್ನೂ ನಿಮ್ಮ ಮನೆಯಲ್ಲಿ ನರಳುವ ಎಲ್ಲರನ್ನೂ ಆಶೀರ್ವದಿಸಲಿ.